ದುಬೈ ಪೇಪರ್, ಬಿಬಿಸಿ, ನಮ್ಮ ಟಿವಿ: ಸುದ್ದಿ ಒಂದು ಕಡೆ ವಾಲಿದ್ದನ್ನು ಹಿಡಿಯುವುದು ಹೇಗೆ?

ಕುಡ್ಲದ ಓದುಗ:
ಗಲ್ಫ್ ನಂಟಿಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಕಡಿಮೆ, ಹಾಗಾಗಿ ಯಾರ ಸುದ್ದಿ ನಂಬುವುದು ಎಂಬ ಚರ್ಚೆ ಎಲ್ಲ ಕಡೆ ಉಂಟು. ಅಲ್ಲಿನ ಪೇಪರಿನಲ್ಲಿ ಬೊಬ್ಬೆ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾರೆ ಅಂತ ಕೆಲವರು. ಬಿಬಿಸಿ ಬಿಟ್ಟರೆ ಬೇರೆ ಯಾವುದೂ ಬೇಡ ಅಂತ ಇನ್ನು ಕೆಲವರು. ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 2025ರಲ್ಲಿ ಭಾರತ 180 ದೇಶಗಳ ಪೈಕಿ 151ನೆಯದು. ಹಾಗಾದರೆ ನಮ್ಮ ಸುದ್ದಿ ಅಷ್ಟು ಸುಳ್ಳು ಅಂತ ಲೆಕ್ಕವಾ?

ಹಳೇ ಡೆಸ್ಕು:
ಅಲ್ಲ ಮಾರಾಯ್ರೆ. ಆ ಸೂಚ್ಯಂಕ ಸತ್ಯವನ್ನು ಅಳೆಯುವುದೇ ಇಲ್ಲ. ರಾಜಕೀಯ, ಆರ್ಥಿಕ, ಕಾನೂನು, ಸಾಮಾಜಿಕ, ಸುರಕ್ಷತೆ ಎಂಬ ಐದು ಅಂಶಗಳಲ್ಲಿ ಪತ್ರಕರ್ತರಿಗೆ ಎಷ್ಟು ಸ್ವಾತಂತ್ರ್ಯ ಉಂಟು ಅಂತ ನೋಡುತ್ತದೆ, ಅಷ್ಟೆ. ಸ್ವಾತಂತ್ರ್ಯ ಇದ್ದವರೂ ಎಡವುತ್ತಾರೆ. ಇರಾಕ್ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂಬ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಬರೆದ ವರದಿಗಳು ಸಾಕಷ್ಟು ಗಟ್ಟಿ ಇರಲಿಲ್ಲ ಎಂದು ಅದರ ಸಂಪಾದಕರೇ 2004ರ ಮೇ 26ರಂದು ಒಪ್ಪಿಕೊಂಡರು. ಇರಾಕ್ ಯುದ್ಧ ಶುರುವಾಗಿ ಆಗ ವರ್ಷ ಕಳೆದಿತ್ತು.

ದುಬೈ ಪೇಪರಿನ ಶಾಂತಿಗೆ ಬೇರೆ ಕಾರಣ ಉಂಟು. ಯುಎಇಯ 2021ರ 34ನೇ ಸೈಬರ್ ಕಾನೂನಿನಲ್ಲಿ ಸುಳ್ಳು ಸುದ್ದಿ ಹರಡಿದರೆ ಜೈಲು, ದಂಡ ಎರಡೂ. ಮಾನನಷ್ಟವೂ ಅಲ್ಲಿ ಕ್ರಿಮಿನಲ್ ಅಪರಾಧ. ಹಾಗಾಗಿ ಕೋರ್ಟ್ ವರದಿಯಲ್ಲಿ ಆರೋಪಿಯ ಹೆಸರಿನ ಮೊದಲಕ್ಷರ ಮಾತ್ರ ಬರುವುದು, ಎಡವಟ್ಟಾದ ಕಡೆ ಬರೀ 'ಒಂದು ಕಂಪನಿ' ಅಂತ ಬರೆದು ಬಿಡುವುದು ಸಾಮಾನ್ಯ. ಬರೆದದ್ದು ಸುಳ್ಳಲ್ಲ, ಬರೆಯದೆ ಬಿಟ್ಟದ್ದನ್ನು ಹುಡುಕಬೇಕು.

ಉಡುಪಿ ರಥಬೀದಿ:
ಕಣ್ಣಾರೆ ನೋಡಬೇಕಿದ್ದರೆ 2017ರ ಜೂನ್ 5 ತೆಗೆಯಿರಿ. ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ಕತಾರ್ ಜೊತೆ ಸಂಬಂಧ ಕಡಿದ ದಿನ. ಕತಾರಿನ ಟಿವಿ ಅಲ್ ಜಝೀರಾದಲ್ಲಿ ಅದು 'ದಿಗ್ಬಂಧನ', ಯುಎಇ ಕಡೆಯವರಿಗೆ 'ಬಹಿಷ್ಕಾರ'. ಮೊದಲ ಪದ ಓದಿದರೆ ಕತಾರ್ ಬಡಪಾಯಿ, ಎರಡನೆಯದು ಓದಿದರೆ ತಪ್ಪಿತಸ್ಥ. ನಾಲ್ಕು ದೇಶಗಳ 13 ಬೇಡಿಕೆಗಳಲ್ಲಿ ಅಲ್ ಜಝೀರಾ ಮುಚ್ಚಬೇಕು ಎಂಬುದೂ ಒಂದಾಗಿತ್ತು, ಅಂದರೆ ವರದಿ ಮಾಡುವವರೇ ಜಗಳದೊಳಗೆ.

ಇಂಥ ಸುದ್ದಿಗೆ ಮೊದಲು ಏಜೆನ್ಸಿ ಪ್ರತಿ, ಅಂದರೆ ಪೇಪರುಗಳಿಗೆಲ್ಲ ಸುದ್ದಿ ಒದಗಿಸುವ ಸಂಸ್ಥೆಯ ಮೂಲ ವರದಿ, ಹುಡುಕಿ. ವರದಿಯ ತಲೆಯಲ್ಲೋ ಬುಡದಲ್ಲೋ ರಾಯಿಟರ್ಸ್, ಎಎಫ್‌ಪಿ, ಪಿಟಿಐ ಅಥವಾ ಯುಎಇ ಸರ್ಕಾರದ ವಾಮ್ ಅಂತ ಇರುತ್ತದೆ. ಹತ್ತು ಪೇಪರಿನಲ್ಲಿ ಪಿಟಿಐಯ ಒಂದೇ ಪ್ರತಿ ಬಂದಿದ್ದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದೇ. ಹೆಚ್ಚಿನವರು ತಪ್ಪುವುದು ಇಲ್ಲೇ. ಮತ್ತೆ ಆರೋಪ ಹೊತ್ತವರ ಉತ್ತರ ಎಷ್ಟನೇ ಪ್ಯಾರಾದಲ್ಲಿ ಬಂತು ನೋಡಿ. ಎರಡರಲ್ಲೋ ಮೂರರಲ್ಲೋ ಇದ್ದರೆ ಸರಿ. ಹನ್ನೆರಡನೆಯದಕ್ಕೆ ತಳ್ಳಿದ್ದರೆ ಅಲ್ಲಿಯವರೆಗೆ ಓದುವವರು ಯಾರು? ಶೀರ್ಷಿಕೆ ಬದಲಾಗಿರುವ ಸಂಶಯ ಇದ್ದರೆ ಹಳೆ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ತಾಣಕ್ಕೆ ಲಿಂಕ್ ಹಾಕಿದರೆ ಹಳೆ ಪ್ರತಿ ಹೆಚ್ಚಾಗಿ ಸಿಗುತ್ತದೆ. ಸಮಯ ಹೋಲಿಸುವಾಗ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಎಂಬುದು ನೆನಪಿರಲಿ. ಯಾರು ಮೊದಲು ಕೊಟ್ಟರು ಎಂಬ ಲೆಕ್ಕ ಅದರಿಂದಲೇ ತಪ್ಪುತ್ತದೆ.

ಹಳೇ ಡೆಸ್ಕು:
ಇದಕ್ಕೆ ಕನ್ನಡದ್ದೇ ಒಂದು ಸೇರಿಸಬೇಕು. ಏಜೆನ್ಸಿ ಪ್ರತಿಯಲ್ಲಿ ಬರೀ 'ಹೇಳಿದರು' ಅಂತ ಇದ್ದದ್ದು ನಮ್ಮ ಅನುವಾದದಲ್ಲಿ 'ಗುಡುಗಿದರು' ಆಗುತ್ತದೆ, ಎದುರು ಪಾಳಯದವನಾದರೆ 'ಬಡಬಡಿಸಿದರು'. 'ಆರೋಪಿ' ಇದ್ದವನು ಕೋರ್ಟಿಗೆ ಹೋಗುವ ಮೊದಲೇ 'ಖದೀಮ'. ಇದಕ್ಕೆ ದೆಹಲಿಯಿಂದಲೋ ಲಂಡನ್ನಿನಿಂದಲೋ ಒತ್ತಡ ಬರಬೇಕಾಗಿಲ್ಲ, ಒಂದು ಕಾಲಂ ಶೀರ್ಷಿಕೆಯಲ್ಲಿ ನಾಲ್ಕು ಪದ ಹಿಡಿಸಬೇಕು, ಅಷ್ಟೆ. ಕ್ರಿಯಾಪದಗಳನ್ನೆಲ್ಲ 'ಹೇಳಿದರು' ಮಾಡಿ ಇನ್ನೊಮ್ಮೆ ಓದಿ, ಅರ್ಧ ಬಿಸಿ ಇಳಿಯುತ್ತದೆ.

ಕುಡ್ಲದ ಓದುಗ:
ಬಿಬಿಸಿ ಸರ್ಕಾರದ್ದೇ ಅಲ್ವಾ?

ಉಡುಪಿ ರಥಬೀದಿ:
ಅಲ್ಲಿನ ಮನೆಗಳು ಕಟ್ಟುವ ಟಿವಿ ಲೈಸೆನ್ಸ್ ಶುಲ್ಕ ಅದರ ಮುಖ್ಯ ಆದಾಯ. ವರ್ಲ್ಡ್ ಸರ್ವಿಸ್‌ಗೆ ಮಾತ್ರ ಬ್ರಿಟನ್ನಿನ ವಿದೇಶಾಂಗ ಇಲಾಖೆಯ ಹಣವೂ ಬರುತ್ತದೆ. ಹಣ ಯಾರದ್ದು ಎಂಬುದರಲ್ಲೇ ತೀರ್ಪು ಕೊಡುವುದಾದರೆ ಕನ್ನಡದ ಮೊದಲ ಪತ್ರಿಕೆಯೂ ಪಾಸಾಗುವುದಿಲ್ಲ. 1843ರಲ್ಲಿ ಇಲ್ಲೇ ಹೊರಟ ಮಂಗಳೂರ ಸಮಾಚಾರ ಕ್ರೈಸ್ತ ಧರ್ಮಪ್ರಚಾರಕರ ಬಾಸೆಲ್ ಮಿಷನ್ನಿನದು! ಅದಕ್ಕಿಂತ ಒಂದು ಮಾಧ್ಯಮ ತನ್ನ ಯಜಮಾನನ ಮೇಲೆ, ತನ್ನ ಮೇಲೆ ಎಂತ ಬರೆಯುತ್ತದೆ ನೋಡಿ. ಬ್ರಿಟನ್ನಿನ ರಾಜಕುಮಾರಿ ಡಯಾನಾ ಸಂದರ್ಶನ ಪಡೆಯಲು ತನ್ನದೇ ಪತ್ರಕರ್ತ ಮಾಡಿದ ಮೋಸದ ಬಗ್ಗೆ 2021ರಲ್ಲಿ ನಿವೃತ್ತ ನ್ಯಾಯಮೂರ್ತಿ ಡೈಸನ್ ಅವರ ತನಿಖಾ ವರದಿ ಬಂದಾಗ ಬಿಬಿಸಿ ಅದನ್ನು ತಾನೇ ದೊಡ್ಡದಾಗಿ ಬಿತ್ತರಿಸಿತು. ಅಲ್ ಜಝೀರಾ ಕತಾರಿನ ಅಮೀರರ ಬಗ್ಗೆ ಎಷ್ಟು ಖಾರವಾಗಿ ಬರೆದದ್ದುಂಟು ಹುಡುಕಿ ನೋಡಿ. ಆಮೇಲೆ ನಮ್ಮ ಚಾನೆಲ್‌ಗಳು ತಮ್ಮ ಮಾಲೀಕರ ಬೇರೆ ವ್ಯಾಪಾರಗಳ ಬಗ್ಗೆ.