ಅಪ್‌ಡೇಟ್: ಅಪ್ಪ-ಅಮ್ಮನ ಆರು ತಿಂಗಳ ವಿದೇಶ ವಿಮೆ

ಸಾಗರದಿಂದ ಅಪ್ಪ-ಅಮ್ಮ ಆರು ತಿಂಗಳು ಅಮೆರಿಕಕ್ಕೆ, ನಡುವೆ ಜರ್ಮನಿಗೂ ಹೊರಟಿದ್ದಾರೆ, ಎಂಥ ವಿಮೆ ಬೇಕು ಅಂತ ಕೇಳಿದ್ದೆನಲ್ಲ, ಪಾಲಿಸಿ ಆಯ್ತು. ಫ್ಯಾಮಿಲಿ ಫ್ಲೋಟರ್ ಬಿಟ್ಟು ಇಬ್ಬರಿಗೂ ಬೇರೆ ಬೇರೆ ತಗೊಂಡ್ವಿ. ಫ್ಲೋಟರಲ್ಲಿ ಇಬ್ಬರಿಗೂ ಸೇರಿ ವಿಮಾ ಮೊತ್ತ ಒಂದೇ, ಒಬ್ಬರ ಆಸ್ಪತ್ರೆ ಬಿಲ್ಲೇ ಅದನ್ನು ನುಂಗಬಹುದು. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಕನಿಷ್ಠ 30,000 ಯೂರೋ ಕವರ್ ಸಾಕು. ಅಮೆರಿಕದ ಆಸ್ಪತ್ರೆಗೆ ಅದು ಏನೇನೂ ಸಾಲದು ಮಾರಾಯ್ರೆ. ದೊಡ್ಡ ಮೊತ್ತ ನೋಡಿಯೂ ಮರುಳಾಗಬೇಡಿ: 60 ದಾಟಿದವರಿಗೆ ಕೆಲವು ಪಾಲಿಸಿಗಳಲ್ಲಿ ಐಸಿಯು, ಸರ್ಜರಿಗೆಲ್ಲ ಒಳಮಿತಿ ಇರುತ್ತೆ, ಅಂದ್ರೆ ಒಟ್ಟು ಮೊತ್ತ ಎಷ್ಟೇ ಇದ್ದರೂ ಆ ಖರ್ಚಿಗೆ ಇಷ್ಟೇ ಅಂತ.

ಅಪ್ಪನ ಬಿಪಿ, ಶುಗರ್ ಪ್ರಪೋಸಲ್ ಫಾರಂನಲ್ಲೇ (ವಿಮೆಯ ಅರ್ಜಿ) ಬರೆಸಿದ್ವಿ. ಮುಚ್ಚಿಟ್ಟರೆ ಕ್ಲೇಮ್ ತಳ್ಳಿಹಾಕೋಕೆ ಅದೇ ಸಾಕು. ಹಾಗಂತ ಬರೆಸಿದ ಮಾತ್ರಕ್ಕೆ ಕವರ್ ಸಿಕ್ಕಿತು ಅಂತಲ್ಲ, ಎಷ್ಟೋ ಪಾಲಿಸಿಗಳು ಹಳೇ ಕಾಯಿಲೆಗೆ ಪ್ರಾಣಾಪಾಯದ ತುರ್ತಿಗಷ್ಟೇ ಕೊಡೋದು. ವಾಪಸಾಗೋದು ತಡವಾದರೆ ಪಾಲಿಸಿ ಅವಧಿ ಮುಗಿಯೋ ಮುಂಚೆಯೇ ವಿಸ್ತರಣೆಗೆ ಅರ್ಜಿ ಹಾಕಬೇಕು.