ಐದು ತಿಂಗಳಿಂದ ಮುಟ್ಟಾಗಿಲ್ಲ, ಎಲ್ಲರೂ ಪಿಸಿಓಡಿ ಎನ್ನುತ್ತಾರೆ

ಹಾಸನದ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಮೊದಲೆಲ್ಲ ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿದ್ದೆ, ಈಗ ಐದು ತಿಂಗಳಿಂದ ಇಲ್ಲ. ಬಸಿರಿನ ಪ್ರಶ್ನೆ ಇಲ್ಲ. ಮುಂದಿನ ವರ್ಷ ಮದುವೆ ಎಂದು ಜಿಮ್ ಸೇರಿ, ರಾತ್ರಿ ಊಟ ಬಿಟ್ಟು, 58 ಕೆಜಿ ಇದ್ದವಳು 46ಕ್ಕೆ ಬಂದಿದ್ದೇನೆ. ಎತ್ತರ 5 ಅಡಿ 3 ಇಂಚು. ಸ್ಕ್ಯಾನಿಂಗ್ ಮಾಡಿಸಿದಾಗ ಎರಡೂ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಇವೆ ಎಂದು ಬಂತು, ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇರಬೇಕು, ತೂಕ ಇಳಿಸಿ ಎಂದರು. ಸೋದರತ್ತೆ ಮೆಡಿಕಲ್ ಶಾಪಿನಿಂದ ಮುಟ್ಟು ಬರಿಸುವ ಮಾತ್ರೆ ತಂದುಕೊಟ್ಟರು. ಕೋರ್ಸ್ ಮುಗಿಸಿದರೂ ಒಂದು ಕಲೆ ಕೂಡ ಕಾಣಲಿಲ್ಲ. ಮುಂದೆ ಮಕ್ಕಳಾಗುತ್ತವೋ ಇಲ್ಲವೋ ಎಂದು ಅಮ್ಮ ದಿನಾ ಅಳುತ್ತಾರೆ. ಇನ್ನೂ ತೂಕ ಇಳಿಸಬೇಕಾ?

ಮಲೆನಾಡ_ಸೊಸೆ:
ಎಳ್ಳುಂಡೆ, ಪಪ್ಪಾಯಿ ತಿನ್ನು ತಂಗಿ. ಉಷ್ಣ ಆದರೆ ತಾನಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು.

ನರ್ಸಕ್ಕ:
ಎಳ್ಳುಂಡೆ ಧಾರಾಳವಾಗಿ ತಿನ್ನಲಿ, ಈ ಹುಡುಗಿಗೆ ಊಟ ಬೇಕಾಗಿದೆ. ಆದರೆ ಉಷ್ಣದ ಮಾತಿನಲ್ಲಿ ಇನ್ನೂ ಎರಡು ತಿಂಗಳು ಕಳೆಯುವುದು ಬೇಡ ಅಕ್ಕ.

ನೋಡಮ್ಮಾ, ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು, ಡಾಕ್ಟರ್ ಅಲ್ಲ. ಆದರೂ ನೀನು ಬರೆದಿದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಆ ಮಾತ್ರೆಯ ವಿಷಯ. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಬೆಳೆದ ಆ ಪದರವನ್ನು ಕಳಚಿ ಬೀಳಿಸುವುದಷ್ಟೇ ಈ ಮಾತ್ರೆಯ ಕೆಲಸ. ಪಿಸಿಓಡಿಯಲ್ಲಿ ಪದರ ಸಾಮಾನ್ಯವಾಗಿ ಬೆಳೆದೇ ಇರುತ್ತದೆ, ಹಾಗಾಗಿ ಮಾತ್ರೆ ನಿಲ್ಲಿಸಿದ ಮೇಲೆ ರಕ್ತ ಹೋಗುತ್ತದೆ. ನಿನಗೆ ಏನೂ ಹೋಗಿಲ್ಲ ಅಂದರೆ ಈಸ್ಟ್ರೋಜನ್ನೇ ಕಡಿಮೆ ಇರಬಹುದು. ಊಟ ಕಡಿಮೆ, ವ್ಯಾಯಾಮ ಜಾಸ್ತಿ ಆದಾಗ ಮೆದುಳು ಅಂಡಾಶಯಕ್ಕೆ ಸೂಚನೆ ಕೊಡುವುದನ್ನೇ ನಿಲ್ಲಿಸಿಬಿಡುತ್ತದೆ. ಆಗಲೂ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಕಾಣಬಹುದು. ಬರೀ ಗುಳ್ಳೆ ನೋಡಿ ಪಿಸಿಓಡಿ ಎನ್ನಲು ಬರುವುದಿಲ್ಲ. ಮುಖದ ಮೇಲೆ ಕೂದಲು ಜಾಸ್ತಿಯಾಗಿದೆಯಾ, ಮೊಡವೆ ಇದೆಯಾ, ಬೇರೆ ಕಾರಣ ಇದೆಯಾ, ಎಲ್ಲ ನೋಡಬೇಕು. ನಿನ್ನ ಎತ್ತರಕ್ಕೆ 46 ಕೆಜಿ ಈಗಲೇ ಕಡಿಮೆ. ದಯವಿಟ್ಟು ಇನ್ನು ಇಳಿಸಬೇಡ.

ಸರಿಯಾಗಿ ಮುಟ್ಟಾಗುತ್ತಿದ್ದವರಿಗೆ ಮೂರು ತಿಂಗಳು ನಿಂತರೆ, ಮೊದಲಿನಿಂದಲೂ ಹಿಂದೆ ಮುಂದೆ ಆಗುವವರಿಗೆ ಆರು ತಿಂಗಳು ನಿಂತರೆ ತೋರಿಸಲೇಬೇಕು. ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ತೂಕ ಇಳಿದ ಕಥೆ ಪೂರ್ತಿ ಹೇಳು, ಮುಚ್ಚಿಡಬೇಡ. ಮೊದಲು ಮೂತ್ರದ ಟೆಸ್ಟ್ ಮಾಡಿಸುತ್ತಾರೆ, ಅದನ್ನು ಎಲ್ಲರಿಗೂ ಮಾಡುತ್ತಾರೆ, ಬೇಸರ ಮಾಡಿಕೊಳ್ಳಬೇಡ. ಆಮೇಲೆ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು), ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನು), ಈಸ್ಟ್ರೋಜನ್ ನೋಡುತ್ತಾರೆ. ಈಸ್ಟ್ರೋಜನ್ ಕಡಿಮೆ ಇದ್ದದ್ದನ್ನು ಸುಮ್ನೆ ಬಿಟ್ಟರೆ ಮೂಳೆ ಸವೆಯುತ್ತದೆ. ನನಗೆ ಅದೇ ಚಿಂತೆ, ಏಕೆಂದರೆ ಮೂಳೆ ಗಟ್ಟಿಯಾಗುವ ವಯಸ್ಸು ಇದು.

ತುಂಗಾ_ತೀರ:
ಪ್ರೊಲ್ಯಾಕ್ಟಿನ್ ಟೆಸ್ಟ್ ಬಿಡಬೇಡಿ. ನನಗೆ ಮುಟ್ಟು ನಿಂತಾಗ ಎದೆಯಿಂದ ಹಾಲಿನ ಹಾಗೆ ಬರುತ್ತಿತ್ತು, ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಗ್ಯಾಸ್ಟ್ರಿಕ್‌ಗೆ ಎಂದು ದಿನಾ ನುಂಗುತ್ತಿದ್ದ ಮಾತ್ರೆಯಲ್ಲಿ ಡಾಂಪೆರಿಡೋನ್ ಇತ್ತು, ಅದರಿಂದ ಪ್ರೊಲ್ಯಾಕ್ಟಿನ್ ಏರಿತ್ತು. ಡಾಕ್ಟರ್ ಅದನ್ನು ನಿಲ್ಲಿಸಿದ ಮೇಲೆ ಸರಿಹೋಯಿತು. ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ಹೀಗಾಗುತ್ತದಂತೆ, ಅವನ್ನು ಮಾತ್ರ ನಾವಾಗಿಯೇ ನಿಲ್ಲಿಸಬಾರದು. ತಲೆನೋವು ಜೋರಾಗಿ ಕಣ್ಣು ಮಂಜಾಗುತ್ತಿದ್ದರೆ ಕಾಯಬೇಡಿ, ಬೇಗ ಹೋಗಿ.

ಹಾಸನದ_ಹುಡುಗಿ:
ತುಂಬಾ ಥ್ಯಾಂಕ್ಸ್ ಅಕ್ಕಂದಿರೇ. ಹಾಲು, ತಲೆನೋವು ಏನೂ ಇಲ್ಲ. ಮುಖದ ಕೂದಲೂ ಇಲ್ಲ. ಸೋಮವಾರ ಅಮ್ಮನ ಜೊತೆ ಹೋಗುತ್ತೇನೆ. ಊಟ ಸರಿ ಮಾಡಿದರೆ ಮುಂದಿನ ತಿಂಗಳೇ ಬರುತ್ತದಾ? ಮಕ್ಕಳ ವಿಷಯ ಅಮ್ಮನಿಗೆ ಏನು ಹೇಳಲಿ?

ನರ್ಸಕ್ಕ:
ಮುಂದಿನ ತಿಂಗಳೇ ಎಂದು ಕಾಯಬೇಡ, ತೂಕ ಏರಿದ ಮೇಲೂ ಕೆಲವು ತಿಂಗಳು ಹಿಡಿಯಬಹುದು. ರಾತ್ರಿ ಊಟ ಇವತ್ತಿನಿಂದಲೇ ಶುರು ಮಾಡು, ಜಿಮ್ ಕಡಿಮೆ ಮಾಡು. ಗರ್ಭನಿರೋಧಕ ಮಾತ್ರೆ ನುಂಗಿ ತಿಂಗಳು ತಿಂಗಳು ರಕ್ತ ಬರಿಸಿಕೊಂಡರೆ ಸರಿಹೋಯಿತು ಎಂದು ಅರ್ಥವಲ್ಲ. ಮುಟ್ಟು ನಿಲ್ಲಲು ಕಾರಣ ಊಟ ಕಡಿಮೆ, ವ್ಯಾಯಾಮ ಜಾಸ್ತಿ ಆಗಿದ್ದೇ ಆದರೆ ಹೆಚ್ಚಿನವರಿಗೆ ಮುಟ್ಟು ಮರಳುತ್ತದೆ, ಮಕ್ಕಳೂ ಆಗುತ್ತವೆ ಎಂದು ಅಮ್ಮನಿಗೆ ಹೇಳು. ಇನ್ನೊಂದು ಮಾತು. ಮೊದಲು ಅಂಡ ಬಿಡುಗಡೆಯಾಗಿ, ಎರಡು ವಾರದ ಮೇಲೆ ಮುಟ್ಟು ಬರುವುದು. ಹಾಗಾಗಿ ಮದುವೆಯಾದ ಮೇಲೂ ಮುಟ್ಟು ಬಂದಿಲ್ಲ ಎಂದುಕೊಂಡು ಜಾಗ್ರತೆ ಬಿಡಬೇಡ, ಒಂದು ಸಲವೂ ಮುಟ್ಟಾಗದೆ ನೇರವಾಗಿ ಬಸಿರಾಗಬಹುದು. ಸೋಮವಾರ ಸ್ಕ್ಯಾನಿಂಗ್ ರಿಪೋರ್ಟ್, ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ ಎರಡನ್ನೂ ತೆಗೆದುಕೊಂಡು ಹೋಗು.