ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 3.5 ಆಟ: ಮಾಯಾ ವಸ್ತು ಮಾಡಿಕೊಟ್ಟವನೇ ಲೆವೆಲ್‌ನಲ್ಲಿ ಹಿಂದೆ ಬಿದ್ದಿದ್ದಾನೆ, ಲೆಕ್ಕ ಎಲ್ಲಿ ತಪ್ಪಿದೆ?

ಕುವೆಂಪುನಗರ ಡಿಎಂ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಪಾತ್ರ ವಹಿಸಿ ಆಡುವ ಆಟದ 3.5 ಆವೃತ್ತಿ ಆಡಿಸುತ್ತೇನೆ, ಅಂದರೆ ಆಟ ನಡೆಸುವ ಡಿಎಂ ನಾನೇ. ನಾಲ್ಕು ಜನ ಆಟಗಾರರು. ವಿಝರ್ಡ್ (ಮಂತ್ರವಾದಿ) ಪಾತ್ರ ಆಡುವ ಗೆಳೆಯ ಮಂಡ್ಯದಿಂದ ಬೆಳಗ್ಗೆ ರೈಲು ಹತ್ತಿ ಬರುತ್ತಾನೆ.

ಕಳೆದ ಸಲ ಕಥೆಯೊಳಗೆ ಪಾತ್ರಗಳಿಗೆ 13 ದಿನ ಬಿಡುವು ಕೊಟ್ಟಿದ್ದೆ. ಅವನು ಗುಂಪಿಗೆಲ್ಲ ಮಾಯಾ ಸಾಮಾನು ಮಾಡಿಕೊಟ್ಟ. ಎರಡು +1 ಕತ್ತಿ, ಎರಡು +1 ಕವಚ, ನಾಲ್ವರಿಗೂ ಕ್ಲೋಕ್ ಆಫ್ ರೆಸಿಸ್ಟೆನ್ಸ್ +1 (ರಕ್ಷಣೆಯ ಮೇಲಂಗಿ), ರೋಗ್‌ಗೆ (ಕಳ್ಳನ ಪಾತ್ರ) ಐಸ್ ಆಫ್ ದಿ ಈಗಲ್ ಅನ್ನುವ ಕಣ್ಣಿನ ಮಸೂರ. ಮಾಯೆಯ ಬೆಲೆ ಒಟ್ಟು 12,500 ಚಿನ್ನ. ಅದನ್ನು 25ರಿಂದ ಭಾಗಿಸಿ ಬಂದಷ್ಟು ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಮಾಡುವವನು ಕಳೆದುಕೊಳ್ಳಬೇಕು ಅಂತ ನಿಯಮ, ಅಂದರೆ 500. ಪೂರ್ತಿ ಅವನ ಕೈಯಿಂದಲೇ ಹೋಯಿತು.

ಈಗ ಉಳಿದ ಮೂವರದ್ದು 15,200, ಎಲ್ಲರೂ 6ನೇ ಲೆವೆಲ್. ಅವನದ್ದು 14,700, ಇನ್ನೂ 5ನೇ ಲೆವೆಲ್. ಅವನ ಹಾಳೆಯಲ್ಲಿ ಎಕ್ಸ್‌ಪಿ ಬರೆಯುವ ಚೌಕ ಉಜ್ಜಿ ಉಜ್ಜಿ ತೂತು ಬಿದ್ದಿದೆ. ಹೋಗುವಾಗ "ಇನ್ಮೇಲೆ ಯಾರಿಗೂ ಏನೂ ಮಾಡಲ್ಲ ಕಣೋ" ಅಂದ. ನನಗೆ ತುಂಬಾ ಬೇಜಾರಾಯಿತು. ಈ ನಿಯಮವನ್ನೇ ತೆಗೆದುಬಿಡಲಾ?

ಹಳೇ ದಾಳ:
ತೆಗೆಯುವ ಮೊದಲು ಒಂದು ಪ್ರಶ್ನೆ. ಆಟದಲ್ಲಿ ಶತ್ರುಗಳ ಜೊತೆ ಜಗಳ ಮುಗಿದ ಮೇಲೆ ಎಕ್ಸ್‌ಪಿ ಹೇಗೆ ಹಂಚುತ್ತೀರಿ?

ಕುವೆಂಪುನಗರ ಡಿಎಂ:
ಗುಂಪಿನ ಲೆವೆಲ್ ನೋಡಿ ಒಟ್ಟು ತೆಗೆಯುತ್ತೇನೆ, ನಾಲ್ಕು ಪಾಲು ಮಾಡುತ್ತೇನೆ. ಎಲ್ಲರಿಗೂ ಸಮ.

ಹಳೇ ದಾಳ:
ಅಲ್ಲೇ ಇದೆ ನೋಡಿ ತೊಂದರೆ. 3.5ರಲ್ಲಿ ಎಕ್ಸ್‌ಪಿ ಕೋಷ್ಟಕವನ್ನು ಗುಂಪಿಗೆ ಒಂದೇ ಸಲ ನೋಡುವುದಲ್ಲ. ಪ್ರತಿ ಪಾತ್ರದ ಲೆವೆಲ್‌ಗೂ ಬೇರೆ ಬೇರೆ ನೋಡಬೇಕು. ಆಮೇಲೆ ತಲೆ ಎಣಿಸಿ ಭಾಗಿಸಬೇಕು.

ಚಾಲೆಂಜ್ ರೇಟಿಂಗ್ (ಶತ್ರು ಎಷ್ಟು ಕಠಿಣ ಅನ್ನುವ ಅಂಕ) 6ರ ಒಂದು ಪ್ರಾಣಿಯನ್ನು ಹೊಡೆದಿರಿ ಅಂತ ಇಟ್ಟುಕೊಳ್ಳಿ. 6ನೇ ಲೆವೆಲ್‌ನವರ ಸಾಲಿನಲ್ಲಿ 1,800 ಇದೆ, ನಾಲ್ಕರಿಂದ ಭಾಗಿಸಿದರೆ ತಲೆಗೆ 450. ನಿಮ್ಮ ವಿಝರ್ಡ್ 5ನೇ ಲೆವೆಲ್. ಅವನ ಸಾಲಿನಲ್ಲಿ 2,250 ಇದೆ. ಅವನಿಗೆ ಸಿಗಬೇಕಾದ್ದು 562. ಅದೇ ಜಗಳ, ಅದೇ ಪ್ರಾಣಿ, ಆದರೂ ಅವನಿಗೆ 112 ಜಾಸ್ತಿ. ಈ ನಿಯಮ ಬರೆದವರು ಹಿಂದೆ ಬಿದ್ದವನು ಮುಂದಿನವರನ್ನು ಹಿಡಿಯಲಿ ಅಂತಲೇ ಹೀಗೆ ಇಟ್ಟಿದ್ದಾರೆ. ನೀವು ಸಮ ಹಂಚಿದರೆ ಆ 500ರ ಅಂತರ ಕೊನೆಯವರೆಗೂ ಹಾಗೇ ಉಳಿಯುತ್ತದೆ.

ಪೂರ್ತಿ 500 ಒಂದೇ ಸಲ ವಾಪಸ್ ಬರುವುದಿಲ್ಲ, ಅದೂ ನಿಜ. ಅವನು 6ಕ್ಕೆ ಬಂದ ಮೇಲೆ ಎಲ್ಲರಿಗೂ ಮತ್ತೆ ಸಮ. ಉಳಿದವರು 21,000 ಮುಟ್ಟಿ 7ಕ್ಕೆ ಹೋದಾಗ ಅವನಿಗೆ ಮತ್ತೆ ಜಾಸ್ತಿ ಸಿಗಲು ಶುರುವಾಗುತ್ತದೆ. ಆಗ ಚಾಲೆಂಜ್ ರೇಟಿಂಗ್ 7ರ ಜಗಳಕ್ಕೆ ಅವರಿಗೆ 525, ಇವನಿಗೆ 675.

ಇನ್ನೊಂದು ವಿಷಯ. ಸಾಮಾನು ಮಾಡಲು ಹೋಗಿ ಲೆವೆಲ್ ಕಳೆದುಕೊಳ್ಳುವಂತಿಲ್ಲ. ಈಗಿನ ಲೆವೆಲ್‌ಗೆ ಬೇಕಾದ್ದರ ಮೇಲೆ ಎಷ್ಟು ಉಳಿದಿದೆಯೋ ಅಷ್ಟೇ ಖರ್ಚು ಮಾಡಬಹುದು.

ಮಂಡ್ಯ ಮಂತ್ರವಾದಿ:
ಮೇಲಿನವರು ಹೇಳಿದ್ದು ಸರಿ. ಆದರೆ ಗೆಳೆಯನಿಗೆ ಬೇಜಾರಾಗಿರುವುದು ಬರೀ ಅಂಕಿಗಲ್ಲ ಅನಿಸುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಬೆಂದವನಿಗೆ ಕೂಲಿ ಕೊಡದೆ, ಬೆಲ್ಲ ಮಾತ್ರ ಎಲ್ಲರೂ ಹಂಚಿಕೊಂಡ ಹಾಗಾಯಿತು ಅಲ್ವಾ?

ನಮ್ಮ ಗುಂಪಿನಲ್ಲಿ ಕೂಲಿ ಕೊಡುತ್ತೇವೆ. ಹೊರಗಿನ ಮಂತ್ರವಾದಿಯಿಂದ ಎಕ್ಸ್‌ಪಿ ತಿನ್ನುವ ಮಂತ್ರ ಹಾಕಿಸಿದರೆ ಒಂದು ಎಕ್ಸ್‌ಪಿಗೆ 5 ಚಿನ್ನ ಅಂತ ನಿಯಮದಲ್ಲೇ ಇದೆ. ಅದೇ ದರ ಹಿಡಿಯಿರಿ. +1 ಕತ್ತಿಗೆ ಮಾಯೆಯ ಬೆಲೆ 2,000. ಮಾಡಲು ಸಾಮಗ್ರಿಗೆ 1,000, ಜೊತೆಗೆ 80 ಎಕ್ಸ್‌ಪಿ. ಆ 80ಕ್ಕೆ 400 ಚಿನ್ನ. ಅಂದರೆ ಫೈಟರ್‌ಗೆ (ಯೋಧನ ಪಾತ್ರ) 1,400ಕ್ಕೆ ಸಿಕ್ಕಿತು, ಅಂಗಡಿಗಿಂತ 600 ಕಡಿಮೆ. ವಿಝರ್ಡ್ ಆ 400ರಲ್ಲಿ ಸ್ಕ್ರೋಲ್ (ಮಂತ್ರ ಬರೆದ ಸುರುಳಿ) ತಗೊಂಡು ಮಂತ್ರದ ಪುಸ್ತಕ ತುಂಬಿಸಿಕೊಳ್ಳುತ್ತಾನೆ. ಇಬ್ಬರಿಗೂ ಖುಷಿ.

ನಿಯಮವನ್ನೇ ತೆಗೆಯಬೇಕು ಅನಿಸಿದರೆ 3.5ರಿಂದಲೇ ಹುಟ್ಟಿದ ಪಾತ್‌ಫೈಂಡರ್ ಆಟ 2009ರಲ್ಲಿ ಮಾಡಿದ್ದೂ ಅದನ್ನೇ. ಎಕ್ಸ್‌ಪಿ ಇಲ್ಲ, ಚಿನ್ನ ಮತ್ತು ಸಮಯ ಮಾತ್ರ. ಆದರೆ ಬಿಡುವು ಜಾಸ್ತಿ ಕೊಡುವ ಡಿಎಂ ಆದರೆ ಎಲ್ಲರೂ ಅರ್ಧ ಬೆಲೆಗೆ ಎಲ್ಲವನ್ನೂ ಮಾಡಿಸಿಕೊಳ್ಳುತ್ತಾರೆ, ಆಮೇಲೆ ಜಗಳಗಳೆಲ್ಲ ಸಪ್ಪೆ. ನಾನಾದರೆ ನಿಯಮ ಉಳಿಸಿಕೊಳ್ಳುತ್ತೇನೆ.

ಮತ್ತೆ, ಹಾಳೆಯಲ್ಲಿ ಉಜ್ಜುವುದು ಬೇಡ. ಗಳಿಸಿದ್ದು ಒಂದು ಸಾಲು, ಖರ್ಚಾದದ್ದು ಇನ್ನೊಂದು ಸಾಲು. ಯಾರಿಗಾಗಿ ಖರ್ಚಾಯಿತು ಅಂತಲೂ ಪಕ್ಕದಲ್ಲಿ ಬರೆಸಿ.

ಕುವೆಂಪುನಗರ ಡಿಎಂ:
ಈ ಭಾನುವಾರ ಆಡಿ ಬಂದು ಬರೆಯುತ್ತಿದ್ದೇನೆ. ತಪ್ಪು ನನ್ನ ಹಂಚಿಕೆಯಲ್ಲೇ ಇತ್ತು, ಆಟ ಶುರುವಾಗುವ ಮೊದಲೇ ಅವನಿಗೆ ಹೇಳಿದೆ. ರೇಟಿಂಗ್ 6ರ ಒಂದು ಜಗಳವಾಯಿತು. ಮೂವರಿಗೆ 450, ಅವನಿಗೆ 562. ಈಗ ಅವನದ್ದು 15,262, 6ನೇ ಲೆವೆಲ್!

ಕೂಲಿಯ ಮಾತನ್ನು ಫೈಟರ್ ಆಡುವವಳು ತಕ್ಷಣ ಒಪ್ಪಿಕೊಂಡಳು. ಆಗಲೇ ಮಾಡಿಕೊಟ್ಟಿದ್ದ ಕತ್ತಿಗೆ 400 ಚಿನ್ನ ಅವಳೇ ಅವನ ಹಾಳೆಯಲ್ಲಿ ಬರೆದಳು. ಹೊಸ ಹಾಳೆ, ಎರಡು ಸಾಲು.

ಒಂದು ಅನುಮಾನ ಉಳಿದಿದೆ. ಅವನ ಕ್ಲೋಕ್ +1 ಅನ್ನು +2 ಮಾಡಬೇಕಂತೆ. +2ರ ಬೆಲೆ 4,000ದಲ್ಲಿ ಈಗಾಗಲೇ ಇರುವ +1ರ 1,000 ಕಳೆದರೆ 3,000. ಹಾಗಾದರೆ 1,500 ಚಿನ್ನ, 120 ಎಕ್ಸ್‌ಪಿ, 3 ದಿನ. ಸರೀನಾ?

ಹಳೇ ದಾಳ:
ಸರಿ ಇದೆ. +2ಕ್ಕೆ ಕ್ಯಾಸ್ಟರ್ ಲೆವೆಲ್ (ಮಂತ್ರ ಹಾಕುವವನ ಲೆವೆಲ್) 6 ಬೇಕಿತ್ತು, ಅದೂ ಈಗ ಬಂತು. 6ನೇ ಲೆವೆಲ್‌ಗೆ ಬೇಕಾದ 15,000ದ ಮೇಲಿರುವ 262ರಲ್ಲಿ 120 ಹೋದರೆ 142 ಉಳಿಯುತ್ತದೆ. ಧೈರ್ಯವಾಗಿ ಮಾಡಲಿ.